ಅಟ್ಟಹಾಸಕ್ಕೆ ಲಿಪಿಯಿಲ್ಲ

ಗಂಟಲಲ್ಲಿ ಗುರುಗುಟ್ಟುವುದು, ಚೀರುವುದು, ಬರೀ ಉಸಿರನ್ನೇ ಪದ್ಯ ಮಾಡುವುದು. ಇಂಥ ಕಂಠಪ್ರಯೋಗಗಳ ವಿಡಿಯೊ ಮೊಬೈಲಿಗೆ ಬಂದಾಗ ಕಾಸರಗೋಡಿನ ಕಡೆ ಎರಡು ಮಾತು ಕೇಳುತ್ತದೆ. ‘ಇದೆಂಥ ಸಂಗೀತ ಮಾರಾಯ್ರೆ’ ಎಂಬುದು ಒಂದು, ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂಬುದು ಇನ್ನೊಂದು. ಎರಡೂ ಅರ್ಧಂಬರ್ಧ ಸರಿ.

ಯುರೋಪಿನ ಕತೆ ಚಿಕ್ಕದಾಗಿ ಹೀಗೆ: 1916ರಲ್ಲಿ, ಮಹಾಯುದ್ಧ ನಡೆದಿರುವಾಗಲೇ, ಜ್ಯೂರಿಚ್‌ನಲ್ಲಿ ಹ್ಯೂಗೊ ಬಾಲ್ ಎಂಬ ಕವಿ ರಟ್ಟಿನ ವೇಷ ತೊಟ್ಟು ಅರ್ಥವಿಲ್ಲದ ಅಕ್ಷರಗಳ ಪದ್ಯ ಓದಿದ, ಫ್ರಾನ್ಸಿನ ಕವಿ, ನಾಟಕಕಾರ ಆಂತೊನಾ ಆರ್ತೋ 1947ರಲ್ಲಿ ಚೀತ್ಕಾರ ತುಂಬಿ ಧ್ವನಿಮುದ್ರಿಸಿದ ಬಾನುಲಿ ಕೃತಿಯನ್ನು ಪ್ರಸಾರದ ಮುನ್ನಾದಿನ ಫ್ರೆಂಚ್ ರೇಡಿಯೊ ತಡೆಯಿತು. ಎಪ್ಪತ್ತರ ದಶಕದಲ್ಲಿ ಇಟಲಿಯ ‘ಆರೆಯಾ’ ತಂಡದ ಡೆಮೆಟ್ರಿಯೊ ಸ್ಟ್ರಾಟೋಸ್ ಒಂದೇ ಗಂಟಲಿನಿಂದ ಎರಡು ದನಿ ಹೊರಡಿಸುತ್ತಿದ್ದ. ಮಗಳು ಮಾತು ಕಲಿಯುತ್ತ ಹೋದ ಹಾಗೆ ತೊದಲಿನಲ್ಲಿದ್ದ ದನಿಗಳು ಒಂದೊಂದಾಗಿ ಕಳೆದುಹೋದದ್ದನ್ನು ಕಂಡೇ ಅವನು ಈ ದಾರಿ ಹಿಡಿದದ್ದು.

ಇಲ್ಲಿ ಕಳೆದದ್ದು ಬೇರೆ ರೀತಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಕನ್ನಡಿಗರಾದ ನಮ್ಮ ಹೋರಾಟವೆಲ್ಲ ಮಾತಿನದ್ದಾಯಿತು: ಕವಿ ಕಯ್ಯಾರ ಕಿಞ್ಞಣ್ಣ ರೈಗಳ ‘ಬೆಂಕಿ ಬಿದ್ದಿದೆ ಮನೆಗೆ’, ಘೋಷಣೆ, ಮನವಿ, ಶಾಲೆಯ ಬೋರ್ಡು. ಆಗಬೇಕಾದದ್ದೇ. ಆದರೆ ಮಾತಿಲ್ಲದ ದನಿಗೂ ರಾಜಕೀಯವಿದೆ ಎನ್ನುವುದು ಬದಿಗೆ ಸರಿಯಿತು. ಇಲ್ಲಿನ ದೈವಾರಾಧನೆಯ ಪೊಟ್ಟನ್ ತೆಯ್ಯಂ ಕೆಂಡದ ರಾಶಿಯ ಮೇಲೆ ಮಲಗಿ, ಕೊಯ್ದರೆ ನಿಮಗೂ ನಮಗೂ ಬರುವುದು ನೆತ್ತರೇ ಅಲ್ಲವೇ ಎಂದು ಜಾತಿಯನ್ನು ಅಣಕಿಸುವಾಗ, ಮಲಯಾಳ ಬಾರದವರಿಗೂ ಆ ದನಿಯ ಲೇವಡಿ ಮುಟ್ಟುತ್ತದೆ.

ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷವನ್ನೇ, ಅಂದರೆ ರಕ್ಕಸನ ವೇಷವನ್ನೇ ನೋಡಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಗಂಟೆಗಟ್ಟಲೆ ಕೂತು ಇಟ್ಟ ಚಿಟ್ಟಿ, ಅಂದರೆ ಬಿಳಿ ಚುಕ್ಕೆಗಳ ಸಾಲು, ಮುಖದ ಮೇಲೆ ಒಣಗಿರುತ್ತದೆ. ಕೆನ್ನೆ ಜೋರಾಗಿ ಅಲುಗಿದರೆ ಉದುರುತ್ತದೆ. ಹಾಗಾಗಿ ತೆರೆಯ ಹಿಂದಿನ ಅಟ್ಟಹಾಸಕ್ಕೆ ಬಾಯಿಗಿಂತ ಎದೆ, ಗಂಟಲೇ ಆಸರೆ. ಸ್ವರತಂತುಗಳ ಮೇಲೆ ಇನ್ನೊಂದು ಜೊತೆ ಮಡಿಕೆಗಳಿವೆ. ಗುಡುಗಿನಂಥ ದನಿಗೆ ಅವು ಒದಗುತ್ತವೆ. ತಂತು ಸೆಕೆಂಡಿಗೆ 110 ಸಲ ಕಂಪಿಸುವಾಗ ಮೇಲಿನ ಮಡಿಕೆ 55 ಸಲ ಕಂಪಿಸಿದರೆ, ಒಂದು ಸ್ಥಾಯಿ ಕೆಳಗಿನ ದನಿ ಕೇಳುತ್ತದೆ. ಟಿಬೆಟ್ಟಿನ ಭಿಕ್ಷುಗಳ ಮಂತ್ರಪಠಣದ ತಳದ ದನಿಯೂ ಹೀಗೇ ಹುಟ್ಟುವುದು.

ಹೊಸಬರು ಎಡವುವುದು ಉಸಿರಿನಲ್ಲಿ. ಹೊಟ್ಟೆಯಿಂದ ನಿಧಾನಕ್ಕೆ ಬಿಡುವ ಬದಲು ಕೊರಳು ಬಿಗಿದು ಒಮ್ಮೆಲೇ ತಳ್ಳುತ್ತಾರೆ. ತಂತುಗಳು ಬಡಿದು ಬಾತುಕೊಳ್ಳುತ್ತವೆ, ಅದೇ ಮುಂದುವರಿದರೆ ಗಂಟಾಗುತ್ತದೆ. ಉರಿ ಶುರುವಾದರೆ ಅಲ್ಲಿಗೇ ನಿಲ್ಲಿಸಬೇಕು. ಪಿಸುಮಾತು ವಿಶ್ರಾಂತಿಯಲ್ಲ, ಅದರಿಂದಲೂ ಗಂಟಲು ದಣಿಯುತ್ತದೆ. ಎರಡು ವಾರ ಕಳೆದೂ ಸ್ವರ ಒಡೆದೇ ಇದ್ದರೆ ಕಷಾಯ ಸಾಲದು, ಗಂಟಲ ಡಾಕ್ಟರಿಗೆ ತೋರಿಸಬೇಕು.

ಇನ್ನು ಮೈಕು. ಭಾಗವತರ ಪದ ಸ್ಪಷ್ಟವಾಗಲಿ ಎಂದು ಮಿಕ್ಸರಿನಲ್ಲಿ 100 ಹರ್ಟ್ಸ್‌ನ (ಸೆಕೆಂಡಿಗೆ 100 ಕಂಪನದ) ಕೆಳಗೆಲ್ಲ ಕತ್ತರಿಸಿಡುವುದು ರೂಢಿ. ಪದಕ್ಕೆ ಅದು ಒಳ್ಳೆಯದೇ. ಅದೇ ಕತ್ತರಿ ವೇಷದ ಮೈಕಿಗೂ ಬಿದ್ದರೆ 55ರ ಕಂಪನಕ್ಕೆ ಜಾಗವೇ ಇಲ್ಲ. ರಕ್ಕಸ ನೆಗಡಿಯಾದವನ ಹಾಗೆ ಕೇಳುತ್ತಾನೆ. ಸರಿಪಡಿಸಲು ಖರ್ಚೇನಿಲ್ಲ: ವೇಷದ ಚಾನೆಲ್ಲಿನಲ್ಲಿ ತಗ್ಗು ದನಿ ಕತ್ತರಿಸುವ ಲೋ-ಕಟ್ ಗುಂಡಿ ಆಫ್ ಮಾಡಿ, ಮೈಕಿನ ದನಿ ಹಿಗ್ಗಿಸುವ ಗೇನ್ ಇಳಿಸಿ, ಅಬ್ಬರಿಸುವಾಗ ಮೈಕಿನಿಂದ ಒಂದಡಿ ದೂರ ನಿಲ್ಲಲು ಹೇಳಿದರಾಯಿತು.