ಚಕ್ರವನ್ನು ಕಂಡುಹಿಡಿದವರು ಯಾರು?

ಪ್ರಶ್ನೆ: ನನ್ನ ಮಗನಿಗೆ ಶಾಲೆಯಲ್ಲಿ ಪ್ರಾಚೀನ ನಾಗರಿಕತೆಗಳ ಪಾಠ ನಡೆಯುತ್ತಿದೆ. ಚಕ್ರವನ್ನು ಕಂಡುಹಿಡಿದವರು ಸುಮೇರಿಯನ್ನರು ಎಂದು ಒಂದು ಪುಸ್ತಕ ಹೇಳಿದರೆ, ಗುಹೆಯಲ್ಲಿ ವಾಸಿಸುತ್ತಿದ್ದ ಆದಿಮಾನವ ಎಂದು ಇನ್ನೊಂದು ಚಿತ್ರ ಸಮೇತ ಹೇಳುತ್ತದೆ. ಯಾವುದು ಸರಿ?

ಉತ್ತರ: ಗುಹೆಯ ಚಿತ್ರ ಖಂಡಿತವಾಗಿ ತಪ್ಪು, ಸುಮೇರಿಯನ್ನರ ಮಾತು ಅರ್ಧ ಸರಿ. ಮಗು ಬರೆದುಕೊಳ್ಳಲು ಚಿಕ್ಕ ಉತ್ತರ ಬೇಕೆಂದರೆ ಇಷ್ಟು ಸಾಕು: ಚಕ್ರದ ಬಂಡಿ ಕ್ರಿ.ಪೂ. 3500ರ ಆಸುಪಾಸಿನಿಂದ ಕೆಲವು ಶತಮಾನಗಳೊಳಗೆ ಸುಮೇರಿಯನ್ನರಿದ್ದ ಮೆಸೊಪೊಟೇಮಿಯದಲ್ಲೂ (ಇಂದಿನ ಇರಾಕ್ ಪ್ರದೇಶ) ಯುರೋಪಿನ ಹಲವೆಡೆಗಳಲ್ಲೂ ಕಾಣಿಸಿಕೊಳ್ಳುತ್ತದೆ, ಅದನ್ನು ಮೊದಲು ಮಾಡಿದವರ ಹೆಸರು ಎಲ್ಲಿಯೂ ದಾಖಲಾಗಿಲ್ಲ.

ಆದಿಮಾನವನು ಕಲ್ಲನ್ನು ಕೆತ್ತಿ ಚಕ್ರ ಮಾಡುತ್ತಿರುವ ಚಿತ್ರವನ್ನು ಮಕ್ಕಳ ಪುಸ್ತಕಗಳಿಂದ ತೆಗೆದುಹಾಕಿದರೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಕಾಲದ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಚಕ್ರ ಬರುವ ವೇಳೆಗೆ ಮನುಷ್ಯರು ಸಾವಿರಾರು ವರ್ಷಗಳಿಂದ ಬೇಸಾಯ ಮಾಡುತ್ತಿದ್ದರು, ದನಕರು ಸಾಕುತ್ತಿದ್ದರು, ಬಟ್ಟೆ ನೇಯುತ್ತಿದ್ದರು, ಮಡಕೆ ಸುಡುತ್ತಿದ್ದರು, ತಾಮ್ರವನ್ನು ಕರಗಿಸಿ ಎರಕ ಹೊಯ್ಯುವುದನ್ನೂ ಕಲಿತಿದ್ದರು. ಜರ್ಮನಿಯ ಗುಹೆಗಳಲ್ಲಿ ದೊರೆತ ಮೂಳೆಯ ಕೊಳಲುಗಳು ಚಕ್ರಕ್ಕಿಂತ ಮೂವತ್ತು ಸಾವಿರ ವರ್ಷಗಳಿಗೂ ಹಳೆಯವು. ಇಷ್ಟು ಸರಳವಾಗಿ ಕಾಣುವ ವಸ್ತು ಇಷ್ಟು ತಡವಾಗಿ ಬಂದದ್ದೇಕೆ ಎಂದು ಮಗು ಕೇಳಿದರೆ ಪಾಠದ ಅತ್ಯಂತ ಸ್ವಾರಸ್ಯಕರವಾದ ಭಾಗಕ್ಕೆ ಬಂದಂತಾಯಿತು.

ದುಂಡಗಿನ ವಸ್ತು ಉರುಳುತ್ತದೆ ಎಂಬುದು ಯಾರಿಗೂ ಹೊಸದಾಗಿರಲಿಲ್ಲ. ಕಷ್ಟವಿದ್ದದ್ದು ಅಚ್ಚಿನಲ್ಲಿ, ಅಂದರೆ ಚಕ್ರಗಳನ್ನು ಜೋಡಿಸುವ ದಂಡದಲ್ಲಿ. ಮೇಲೆ ಭಾರ ಹೊತ್ತ ಬಂಡಿ ನಿಶ್ಚಲವಾಗಿ ಕುಳಿತಿರಬೇಕು, ಅದರ ಕೆಳಗೆ ಚಕ್ರ ಸರಾಗವಾಗಿ ತಿರುಗಬೇಕು. ಅಚ್ಚು ಮತ್ತು ಅದು ಕೂರುವ ರಂಧ್ರ ಎರಡೂ ನುಣುಪಾಗಿ, ಸರಿಯಾಗಿ ದುಂಡಗಿರಬೇಕು. ರಂಧ್ರ ಬಿಗಿಯಾದರೆ ಬಂಡಿ ಕದಲುವುದಿಲ್ಲ, ಸಡಿಲವಾದರೆ ಚಕ್ರ ಓಲಾಡಿ ಕಳಚಿಕೊಳ್ಳುತ್ತದೆ. ಅಚ್ಚು ದಪ್ಪವಾದಷ್ಟೂ ಘರ್ಷಣೆ ಹೆಚ್ಚು, ತೆಳುವಾದರೆ ಭಾರಕ್ಕೆ ಮುರಿಯುವ ಭಯ. ಇದರ ಜೊತೆಗೆ ಮರದ ಸ್ವಭಾವವೂ ಅಡ್ಡ ಬರುತ್ತದೆ. ಮರದ ಕಾಂಡವನ್ನು ಅಡ್ಡಲಾಗಿ ಬಿಲ್ಲೆಯಂತೆ ಕೊಯ್ದರೆ ಚಕ್ರ ಸಿದ್ಧ ಎಂದು ನಮಗೆ ತೋರುತ್ತದೆ, ಆದರೆ ಅಂತಹ ಬಿಲ್ಲೆ ಒಣಗುತ್ತಿದ್ದಂತೆ ನಡುವಿನಿಂದ ಅಂಚಿನವರೆಗೆ ಬಿರುಕು ಬಿಟ್ಟು ಭಾರ ಬಿದ್ದಾಗ ಸೀಳಿಹೋಗುತ್ತದೆ. ಆದ್ದರಿಂದ ಉದ್ದಕ್ಕೆ ಸೀಳಿದ ಹಲಗೆಗಳನ್ನು ಜೋಡಿಸಿ ದುಂಡಗೆ ಕತ್ತರಿಸಬೇಕಾಯಿತು, ಇಷ್ಟು ನಾಜೂಕಾದ ಕೆಲಸಕ್ಕೆ ತಾಮ್ರದ ಉಳಿಯಂತಹ ಉಪಕರಣಗಳು ಬೇಕಾಗಿದ್ದವೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ.

ಇದನ್ನು ಕಣ್ಣಾರೆ ಕಾಣಬಹುದಾದ ವಸ್ತುವೊಂದು ಸ್ಲೊವೇನಿಯ ದೇಶದ ಲ್ಯುಬ್ಲಿಯಾನಾ ನಗರದ ಬಳಿಯ ಜೌಗುಭೂಮಿಯಲ್ಲಿ 2002ರಲ್ಲಿ ದೊರೆಯಿತು. ಗಾಳಿಯಾಡದ ಕೆಸರಿನಲ್ಲಿ ಹುದುಗಿದ್ದ ಕಾರಣ ಐದು ಸಾವಿರಕ್ಕೂ ಹೆಚ್ಚು ವರ್ಷ ಕೊಳೆಯದೆ ಉಳಿದ ಆ ಮರದ ಚಕ್ರದ ಅಡ್ಡಳತೆ ಸುಮಾರು 70 ಸೆಂ.ಮೀ. ಆ್ಯಷ್ ಮರದ ಎರಡು ಹಲಗೆಗಳನ್ನು ಅಡ್ಡಪಟ್ಟಿಗಳಿಂದ ಬೆಸೆದು ಅದನ್ನು ಮಾಡಲಾಗಿದೆ. ಪಕ್ಕದಲ್ಲೇ ಓಕ್ ಮರದ ಅಚ್ಚೂ ಸಿಕ್ಕಿತು. ಚಕ್ರದ ನಡುವಿನ ರಂಧ್ರ ದುಂಡಗಿಲ್ಲ, ಚೌಕವಾಗಿದೆ. ಅಚ್ಚಿನ ತುದಿಯನ್ನು ಅದರೊಳಗೆ ತೂರಿಸಿ ಬೆಣೆ ಬಡಿದು ಭದ್ರಪಡಿಸಿದ್ದರಿಂದ ಚಕ್ರವೂ ಅಚ್ಚೂ ಒಟ್ಟಿಗೆ ತಿರುಗುತ್ತಿದ್ದವು. ಇಂತಹ ಬಂಡಿ ನೇರ ದಾರಿಯಲ್ಲಿ ಚೆನ್ನಾಗಿ ಸಾಗುತ್ತದೆ, ಆದರೆ ತಿರುವಿನಲ್ಲಿ ಹೊರಬದಿಯ ಚಕ್ರ ಹೆಚ್ಚು ದೂರ ಕ್ರಮಿಸಬೇಕಾಗಿರುವುದರಿಂದ ಎರಡರಲ್ಲೊಂದು ನೆಲದ ಮೇಲೆ ಉಜ್ಜಿಕೊಂಡೇ ಹೋಗಬೇಕಾಗುತ್ತದೆ. ರಟ್ಟಿನ ಬಿಲ್ಲೆ ಮತ್ತು ಕಡ್ಡಿಯಿಂದ ಅಚ್ಚಿನ ಜೊತೆಗೇ ತಿರುಗುವ ಮತ್ತು ನಿಂತ ಅಚ್ಚಿನ ಮೇಲೆ ತಾನೇ ತಿರುಗುವ ಎರಡೂ ಬಗೆಯ ಗಾಲಿಗಳನ್ನು ಮಾಡಿಸಿ ಉರುಳಿಸಿ ನೋಡಿದರೆ ಮಕ್ಕಳಿಗೆ ಈ ವ್ಯತ್ಯಾಸ ತಾನಾಗಿಯೇ ಅರ್ಥವಾಗುತ್ತದೆ.

ಇನ್ನು ಸುಮೇರಿಯನ್ನರ ವಿಷಯ. ಮೆಸೊಪೊಟೇಮಿಯದ ಉರುಕ್ ನಗರದ ಹಳೆಯ ಮಣ್ಣಿನ ಫಲಕಗಳಲ್ಲಿ ಬಂಡಿಯನ್ನು ಸೂಚಿಸುವ ಚಿತ್ರಲಿಪಿ ಇದೆ. ಪೋಲೆಂಡಿನ ಬ್ರೊನೊಚಿತ್ಸೆಯಲ್ಲಿ ಸಿಕ್ಕ, ಸರಿಸುಮಾರು ಅದೇ ಕಾಲದ ಮಡಕೆಯ ಮೇಲೂ ನಾಲ್ಕು ಚಕ್ರದ ಬಂಡಿಯಂತಹ ಗೀಚುಚಿತ್ರವಿದೆ. ಒಂದೆಡೆ ಹುಟ್ಟಿ ಇನ್ನೊಂದೆಡೆಗೆ ಹರಡಿತೇ, ಬೇರೆ ಬೇರೆಯಾಗಿ ಹುಟ್ಟಿತೇ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಪಠ್ಯಪುಸ್ತಕಗಳು ಕುಂಬಾರನ ತಿಗರಿಯನ್ನೂ ಬಂಡಿಯ ಚಕ್ರವನ್ನೂ ಒಂದೇ ವಾಕ್ಯದಲ್ಲಿ ಸೇರಿಸಿಬಿಡುವುದು ಗೊಂದಲಕ್ಕೆ ಇನ್ನೊಂದು ಕಾರಣ. ಅವು ಎರಡು ಬೇರೆ ಉಪಕರಣಗಳು. ಉರ್ ನಗರದ ರಾಜಸಮಾಧಿಗಳಲ್ಲಿ ದೊರೆತ, ಕ್ರಿ.ಪೂ. 2500ರ ಸುಮಾರಿನ ಅಲಂಕೃತ ಪೆಟ್ಟಿಗೆಯ ಮೇಲೆ ಯುದ್ಧದ ಬಂಡಿಗಳ ಸಾಲನ್ನೇ ಕಾಣಬಹುದು, ಅವುಗಳ ಚಕ್ರಗಳೂ ಜೋಡಿಸಿದ ಹಲಗೆಗಳವೇ. ಸಿಂಧೂ ಕಣಿವೆಯ ನಗರಗಳಲ್ಲಿ ಸುಟ್ಟ ಮಣ್ಣಿನ ಆಟಿಕೆ ಬಂಡಿಗಳು ಹೇರಳವಾಗಿ ಸಿಕ್ಕಿವೆ; ನಿಜವಾದ ಮರದ ಬಂಡಿಗಳು ಕೊಳೆತುಹೋದ ಕಡೆ ಅಂದಿನ ಮಕ್ಕಳ ಆಟಿಕೆಗಳೇ ಇಂದಿನ ಸಂಶೋಧಕರಿಗೆ ಸಾಕ್ಷಿ ಹೇಳುತ್ತಿವೆ. ಹಲಗೆಯ ಗಾಲಿಯ ಬದಲು ಸ್ಪೋಕ್‌ಗಳಿರುವ ಹಗುರವಾದ ಚಕ್ರ ಬಂದದ್ದು ಕ್ರಿ.ಪೂ. 2000ರ ಹೊತ್ತಿಗೆ, ಅದರ ಅತ್ಯಂತ ಹಳೆಯ ಗುರುತುಗಳು ಯುರಲ್ ಪರ್ವತಗಳ ದಕ್ಷಿಣಕ್ಕಿರುವ ಸಿಂತಾಷ್ಟ ಸಂಸ್ಕೃತಿಯ ಸಮಾಧಿಗಳಲ್ಲಿವೆ.

ಚಕ್ರವಿಲ್ಲದಿದ್ದರೆ ಜನ ಹಿಂದುಳಿದವರು ಎಂದು ಮಕ್ಕಳು ತಿಳಿದುಕೊಳ್ಳುವುದುಂಟು. ಕ್ರಿ.ಪೂ. 2560ರ ಸುಮಾರಿನಲ್ಲಿ ಗಿಜಾದ ಮಹಾಪಿರಮಿಡ್ ಕಟ್ಟಿದ ಈಜಿಪ್ಟಿನವರು ಅಷ್ಟೊಂದು ಕಲ್ಲನ್ನು ಸಾಗಿಸಿದ್ದು ಮುಖ್ಯವಾಗಿ ದೋಣಿ ಮತ್ತು ಜಾರುಬಂಡಿಗಳಿಂದ. ಮರಳು ನೆಲದಲ್ಲಿ ಭಾರ ಹೊತ್ತ ಗಾಲಿ ಹೂತುಹೋಗುತ್ತದೆ, ನೈಲ್ ನದಿಯಾದರೋ ಹೊಲಗಳ ಪಕ್ಕದಲ್ಲೇ ಹರಿಯುತ್ತದೆ. ಜೆಹುತಿಹೋತೆಪ್ ಎಂಬ ಅಧಿಕಾರಿಯ ಸಮಾಧಿಯಲ್ಲಿದ್ದ ಚಿತ್ರವೊಂದರಲ್ಲಿ ಸಾಲುಸಾಲು ಜನರು ಬೃಹತ್ ವಿಗ್ರಹವನ್ನು ಜಾರುಬಂಡಿಯ ಮೇಲಿಟ್ಟು ಎಳೆಯುತ್ತಿದ್ದಾರೆ, ಒಬ್ಬನು ಮುಂಭಾಗದಲ್ಲಿ ನಿಂತು ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಮರಳು ಹದವಾಗಿ ಒದ್ದೆಯಾದರೆ ಎಳೆಯಲು ಬೇಕಾಗುವ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು 2014ರಲ್ಲಿ ಪ್ರಯೋಗದಿಂದ ತೋರಿಸಿದರು.

ಮೆಕ್ಸಿಕೋದ ಉದಾಹರಣೆ ಇನ್ನೂ ವಿಚಿತ್ರ. ಅಲ್ಲಿನ ವೆರಾಕ್ರೂಜ್ ಪ್ರದೇಶದಲ್ಲಿ, ಸ್ಪೇನಿನವರು ಬರುವುದಕ್ಕೆ ನೂರಾರು ವರ್ಷ ಮೊದಲೇ, ಪ್ರಾಣಿಗಳ ಮಣ್ಣಿನ ಗೊಂಬೆಗಳಿಗೆ ಅಚ್ಚು ತೂರಿಸಿ ನಾಲ್ಕು ಗಾಲಿ ಜೋಡಿಸುತ್ತಿದ್ದರು. ಅಂದರೆ ತಂತ್ರ ಅವರಿಗೆ ಪೂರ್ತಿಯಾಗಿ ತಿಳಿದಿತ್ತು. ಆದರೂ ಸಾಮಾನು ಸಾಗಿಸುವ ಬಂಡಿ ಅಲ್ಲಿ ಹುಟ್ಟಲಿಲ್ಲ. ನೊಗಕ್ಕೆ ಕಟ್ಟಲು ಎತ್ತು, ಕುದುರೆ, ಕತ್ತೆ ಯಾವುದೂ ಆ ನಾಡಿನಲ್ಲಿರಲಿಲ್ಲ, ಅವು ಬಂದದ್ದು 16ನೇ ಶತಮಾನದಲ್ಲಿ ಸ್ಪೇನಿನವರ ಹಡಗುಗಳಲ್ಲಿ.