ರಾಜನ ಮೂಳೆಗೆ ಅಕ್ಕನ ಮನೆಯ ಸಾಕ್ಷಿ

2012ರ ಸೆಪ್ಟೆಂಬರ್ ಮೊದಲ ವಾರ. ಇಂಗ್ಲೆಂಡಿನ ಲೆಸ್ಟರ್ ಊರಿನ ಒಂದು ಕಾರ್ ಪಾರ್ಕಿಂಗ್ ಜಾಗದಲ್ಲಿ ಡಾಂಬರು ಕಿತ್ತು ಗುಂಡಿ ತೋಡಿದ್ದರು. ಒಳಗೆ ಇಬ್ಬರು ಮಹಿಳೆಯರು ಮೈಪೂರ್ತಿ ಬಿಳಿ ಸೂಟು, ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿಕೊಂಡು ಒಂದು ಅಸ್ಥಿಪಂಜರದ ಸುತ್ತ ಮಣ್ಣು ಬಿಡಿಸುತ್ತಿದ್ದರು. ಒಬ್ಬರು ಮೂಳೆ ತಜ್ಞೆ ಜೋ ಆಪಲ್‌ಬಿ. ಇನ್ನೊಬ್ಬರು ತಳಿವಿಜ್ಞಾನಿ ಟೂರಿ ಕಿಂಗ್.

ಆ ವೇಷವೆಲ್ಲ ಮೂಳೆಯನ್ನು ತಮ್ಮಿಂದ ಕಾಪಾಡುವುದಕ್ಕೆ. ನೂರಾರು ವರ್ಷ ಮಣ್ಣಲ್ಲಿದ್ದ ಮೂಳೆಯಲ್ಲಿ ಡಿಎನ್‌ಎ ಉಳಿದಿದ್ದರೂ ಚೂರು ಚೂರಾಗಿರುತ್ತದೆ. ಬದುಕಿರುವವರ ಒಂದು ಹನಿ ಎಂಜಲು ಬಿದ್ದರೆ ಸಾಕು, ಆ ತಾಜಾ ಡಿಎನ್‌ಎಯ ಅಬ್ಬರದಲ್ಲಿ ಹಳೆಯದು ಕಾಣಿಸುವುದೇ ಇಲ್ಲ. 1994ರಲ್ಲಿ ಡೈನೋಸಾರ್ ಕಾಲದ ಮೂಳೆಯಿಂದ ಡಿಎನ್‌ಎ ಸಿಕ್ಕಿತು ಅಂತ ದೊಡ್ಡ ಸುದ್ದಿಯಾಗಿತ್ತು. ಬೇರೆ ವಿಜ್ಞಾನಿಗಳು ಕೂತು ಹೋಲಿಸಿ ನೋಡಿದರೆ ಅದು ಮನುಷ್ಯರದ್ದೇ ಆಗಿತ್ತು. ಈ ಕ್ಷೇತ್ರಕ್ಕೆ ಅದು ಮರೆಯಲಾಗದ ಪಾಠ.

ಲೆಸ್ಟರ್‌ನಲ್ಲಿ ಸಿಕ್ಕಿದ್ದು ಇಂಗ್ಲೆಂಡಿನ ರಾಜನಾಗಿದ್ದ ಮೂರನೇ ರಿಚರ್ಡ್‌ನ ಮೂಳೆ. ಪತ್ರಿಕೆಗಳು, ಟಿವಿ ಎಲ್ಲ ಅದನ್ನೇ ಹೇಳಿದವು. ಆದರೆ ಆ ಗುಂಡಿಗೆ ಇಳಿಯುವ ಮೊದಲು ಟೂರಿ ಕಿಂಗ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮಾಡಿದ ಕೆಲಸ ನನಗೆ ಇನ್ನೂ ಜಾಸ್ತಿ ಇಷ್ಟ. ಅದನ್ನು ಬಲ್ಲವರಿಗೆ ರಾಜನ ಕಥೆಯೂ ಬೇರೆ ಥರ ಕಾಣುತ್ತದೆ.

ಕಿಂಗ್ ಬೆಳೆದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ. ಮೊದಲು ಒಲವಿದ್ದದ್ದು ಪುರಾತತ್ವದ ಕಡೆ. ಕೇಂಬ್ರಿಡ್ಜ್‌ನಲ್ಲಿ ಪುರಾತತ್ವ ಮತ್ತು ಮಾನವಶಾಸ್ತ್ರ ಓದಿ, ಆಮೇಲೆ ತಳಿವಿಜ್ಞಾನ ಕಲಿಯಲು ಲೆಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದರು. 1984ರಲ್ಲಿ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚನ್ನು ಕಂಡುಹಿಡಿದ ವಿಶ್ವವಿದ್ಯಾಲಯ ಅದು. ಅಲ್ಲಿ ಮಾರ್ಕ್ ಜಾಬ್ಲಿಂಗ್ ಜೊತೆ ಸೇರಿ ಕಿಂಗ್ ಪಿಎಚ್‌ಡಿಗೆ ಎತ್ತಿಕೊಂಡ ಪ್ರಶ್ನೆ ಬಹಳ ಸರಳ. ಒಂದೇ ಮನೆತನದ ಹೆಸರಿರುವ ಇಬ್ಬರು ಗಂಡಸರು ನಿಜವಾಗಿಯೂ ಸಂಬಂಧಿಕರಾ?

ಇಂಗ್ಲೆಂಡಿನಲ್ಲಿ ಸರ್‌ನೇಮ್ ಅಪ್ಪನಿಂದ ಮಕ್ಕಳಿಗೆ ಬರುವ ಪದ್ಧತಿ ನೆಲೆಯಾಗಿ ಸುಮಾರು 700 ವರ್ಷವಾಗಿದೆ. ಗಂಡಸರಲ್ಲಷ್ಟೇ ಇರುವ ಡಿಎನ್‌ಎ ಕಟ್ಟಾದ ವೈ ಕ್ರೋಮೋಸೋಮ್ ಕೂಡ ಅಪ್ಪನಿಂದ ಮಗನಿಗೆ ಹೆಚ್ಚುಕಡಿಮೆ ಇದ್ದ ಹಾಗೇ ಬರುತ್ತದೆ. ಹಾಗಾಗಿ ಹೆಸರೂ ವೈ ಕ್ರೋಮೋಸೋಮೂ ಒಟ್ಟೊಟ್ಟಿಗೆ ಸಾಗಿ ಬಂದಿರಬೇಕು. ಆದರೆ ದತ್ತು, ಮದುವೆಯಾಚೆ ಹುಟ್ಟಿದ ಮಕ್ಕಳು, ಮಾವನ ಆಸ್ತಿಗಾಗಿ ಮಾವನ ಹೆಸರು ಇಟ್ಟುಕೊಂಡ ಅಳಿಯ, ಹೀಗೆ ಎಲ್ಲೋ ಒಂದು ಕಡೆ ಇವೆರಡರ ದಾರಿ ಬೇರೆಯಾಗಬಹುದು. ಎಷ್ಟು ಸಲ ಬೇರೆಯಾಗಿದೆ ಅನ್ನುವುದನ್ನು ಲೆಕ್ಕ ಹಾಕಿ ನೋಡಬಹುದು ಅನ್ನುವುದೇ ಈ ಕೆಲಸದ ಸೊಗಸು.

ಕಿಂಗ್ ಮತ್ತು ಜಾಬ್ಲಿಂಗ್ 40 ಸರ್‌ನೇಮ್‌ಗಳ 1,678 ಗಂಡಸರ ಡಿಎನ್‌ಎ ಸಂಗ್ರಹಿಸಿದರು. 2009ರಲ್ಲಿ ಫಲಿತಾಂಶ ಪ್ರಕಟವಾಯಿತು. ಸ್ಮಿತ್ ಅನ್ನುವ ಹೆಸರಿನವರಲ್ಲಿ ಯಾವ ನಂಟೂ ಕಾಣಲಿಲ್ಲ. ಸ್ಮಿತ್ ಅಂದರೆ ಕಮ್ಮಾರ. ಊರೂರಲ್ಲೂ ಕಮ್ಮಾರರಿದ್ದರು, ಒಬ್ಬೊಬ್ಬರ ಮನೆಯೂ ಬೇರೆ ಬೇರೆಯಾಗಿಯೇ ಸ್ಮಿತ್ ಆಯಿತು. ಆದರೆ ಅಪರೂಪದ ಹೆಸರುಗಳ ಕಥೆಯೇ ಬೇರೆ. ಅಟೆನ್‌ಬರೋ ಹೆಸರಿನ ಗಂಡಸರಲ್ಲಿ ಹತ್ತಕ್ಕೆ ಒಂಬತ್ತರ ಹತ್ತಿರ ಜನರ ವೈ ಕ್ರೋಮೋಸೋಮ್ ಒಂದೇ ಬಗೆಯದಾಗಿತ್ತು. ಅಂದರೆ ಹಲವು ಶತಮಾನಗಳ ಹಿಂದಿನ ಒಬ್ಬನೇ ಗಂಡಸಿನಿಂದ ಇವರಲ್ಲಿ ಬಹುಪಾಲು ಬಂದಿದ್ದಾರೆ.

ಇದನ್ನು ಓದಿ ಸುಮ್ನೆ ಕುತೂಹಲದ ಸಂಗತಿ ಅಂತ ಪಕ್ಕಕ್ಕಿಡಬೇಡಿ. ಈ ಕೆಲಸದಿಂದ ಇನ್ನೊಂದು ಸಂಗತಿ ಗೊತ್ತಾಯಿತು. ದಾಖಲೆಯಲ್ಲಿರುವ ಅಪ್ಪ ನಿಜವಾದ ಅಪ್ಪ ಅಲ್ಲದಿರುವುದು ಒಂದು ತಲೆಮಾರಿಗೆ ನೂರಕ್ಕೆ ಒಂದೋ ಎರಡೋ ಪ್ರಕರಣ. ಹಿಂದೆಲ್ಲ ಹತ್ತಕ್ಕೆ ಒಬ್ಬರು ಅಂತ ಜನ ಆಡಿಕೊಳ್ಳುತ್ತಿದ್ದ ಮಾತಿಗೆ ಆಧಾರವೇ ಇರಲಿಲ್ಲ. ಈ ಒಂದು-ಎರಡರ ಲೆಕ್ಕವನ್ನು ನೆನಪಿಟ್ಟುಕೊಳ್ಳಿ, ರಾಜನ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇದೇ ಹುಡುಕಾಟದ ನಡುವೆ ಯಾರೂ ಎಣಿಸದ ಒಂದು ಸಂಗತಿ ಎದುರಾಯಿತು. ಡಿಎನ್‌ಎ ಕೊಟ್ಟಿದ್ದ ಒಬ್ಬ ಬಿಳಿಯ ಆಂಗ್ಲರಲ್ಲಿ ಎ1 ಅನ್ನುವ ಬಗೆಯ ವೈ ಕ್ರೋಮೋಸೋಮ್ ಸಿಕ್ಕಿತು. ಅಲ್ಲಿಯವರೆಗೆ ಅದು ಕಂಡಿದ್ದು ಪಶ್ಚಿಮ ಆಫ್ರಿಕಾ ಮೂಲದ ಕೆಲವೇ ಜನರಲ್ಲಿ. ತಮ್ಮ ಮನೆಯಲ್ಲಿ ಆಫ್ರಿಕಾದ ನಂಟು ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಅವರ ಸರ್‌ನೇಮ್ ಯಾರ್ಕ್‌ಷೈರ್ ಕಡೆಯ ಅಪರೂಪದ ಹೆಸರು. ಅದೇ ಹೆಸರಿನ ಇನ್ನಷ್ಟು ಜನರನ್ನು ಹುಡುಕಿ ಪರೀಕ್ಷಿಸಿದರು. ಒಟ್ಟು 18 ಗಂಡಸರಲ್ಲಿ 7 ಮಂದಿಯಲ್ಲಿ ಎ1 ಇತ್ತು! ಚರ್ಚಿನ ದಾಖಲೆ ಹಿಡಿದು ಹಿಂದಕ್ಕೆ ಹೋದರೆ ಎರಡು ವಂಶವೃಕ್ಷಗಳು 18ನೆಯ ಶತಮಾನದ ಯಾರ್ಕ್‌ಷೈರ್‌ಗೆ ಬಂದು ನಿಂತವು. ಕಾಗದ ಅಲ್ಲಿಗೆ ಮುಗಿಯಿತು. ಅದಕ್ಕೂ ಹಿಂದೆ ಎಲ್ಲೋ ಎರಡೂ ಸೇರುತ್ತವೆ.

ಆ ಮೊದಲ ಗಂಡಸು ಯಾರು? ರೋಮನ್ನರು ಬ್ರಿಟನ್ನಿನ ಉತ್ತರದ ಗಡಿಗೋಡೆ ಕಾಯಲು ಆಫ್ರಿಕಾದಿಂದ ಸೈನಿಕರನ್ನು ತಂದಿಟ್ಟಿದ್ದರು. ನಂತರ ಗುಲಾಮರ ವ್ಯಾಪಾರದ ಕಾಲದಲ್ಲಿ ಬಲವಂತವಾಗಿ ಬಂದವರಿದ್ದರು. ಇವೆರಡರಲ್ಲಿ ಯಾವುದು ಅಂತ ವೈ ಕ್ರೋಮೋಸೋಮ್ ಹೇಳಲಾರದು. 2007ರಲ್ಲಿ ಪ್ರಕಟವಾದ ಲೇಖನದಲ್ಲಿ ವಿಜ್ಞಾನಿಗಳು ಎರಡೂ ಸಾಧ್ಯತೆಗಳನ್ನು ತೆರೆದೇ ಇಟ್ಟರು. ಆ ಮನೆತನದ ಹೆಸರನ್ನೂ ಬಯಲು ಮಾಡಲಿಲ್ಲ. ಬೇರೊಬ್ಬರ ಮನೆಯ ಗುಟ್ಟು ಕೈಗೆ ಸಿಕ್ಕಾಗ ನಡೆದುಕೊಳ್ಳಬೇಕಾದ ರೀತಿ ಅದು.

ಲಿವರ್‌ಪೂಲ್ ಪಕ್ಕದ ವಿರಲ್ ಪ್ರದೇಶದಲ್ಲಿ ನಡೆದ ವೈಕಿಂಗ್‌ರ, ಅಂದರೆ ಹಿಂದೆ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದವರ, ಹುಡುಕಾಟದಲ್ಲೂ ಕಿಂಗ್ ಇದ್ದರು. ಅಲ್ಲಿ ಕೈಗಾರಿಕೆ ಬೆಳೆದಾಗ ಎಲ್ಲೆಲ್ಲಿಂದಲೋ ಜನ ಬಂದು ತುಂಬಿಕೊಂಡಿದ್ದರು. ಈಗ ಅಲ್ಲಿರುವ ಯಾರನ್ನೋ ಹಿಡಿದು ಪರೀಕ್ಷಿಸಿದರೆ ಹಳೆಯ ಕಥೆ ಸಿಗುವುದಿಲ್ಲ. ಅದಕ್ಕೆ ಅವರು ಹಳೆಯ ದಾಖಲೆಗಳಲ್ಲಿ ಆ ಊರುಗಳ ಲೆಕ್ಕಕ್ಕೆ ಬರೆದಿದ್ದ ಸರ್‌ನೇಮ್‌ಗಳನ್ನು ಆರಿಸಿಕೊಂಡು, ಅದೇ ಹೆಸರಿರುವ ಗಂಡಸರನ್ನೇ ಹುಡುಕಿದರು. ಆಗ ಅಪ್ಪನ ಕಡೆಯ ಸ್ಕ್ಯಾಂಡಿನೇವಿಯಾದ ಪಾಲು ಸುಮಾರು ಅರ್ಧದವರೆಗೂ ಏರಿತು. ಯಾರನ್ನು ಪರೀಕ್ಷಿಸಬೇಕು ಅಂತ ತಿಳಿಸಿದ್ದು ಹಳೆಯ ಕಾಗದ. ಡಿಎನ್‌ಎ ಉತ್ತರ ಕೊಟ್ಟಿದ್ದು ಅದಾದ ಮೇಲೆ.

ಈಗ ರಾಜನ ಕಥೆಗೆ ಬರೋಣ. ಮೂರನೇ ರಿಚರ್ಡ್ 1485ರ ಆಗಸ್ಟ್‌ನಲ್ಲಿ ಬಾಸ್ವರ್ತ್ ಯುದ್ಧದಲ್ಲಿ ಸತ್ತಾಗ ವಯಸ್ಸು 32. ಹೆಣವನ್ನು ಲೆಸ್ಟರ್‌ನ ಗ್ರೇಫ್ರೈಯರ್ಸ್ ಮಠದಲ್ಲಿ ಹೂತಿದ್ದರು. ಆಮೇಲೆ ಎಂಟನೇ ಹೆನ್ರಿಯ ಕಾಲದಲ್ಲಿ ಮಠ ಹೋಯಿತು, ಗೋರಿಯ ಗುರುತೂ ಹೋಯಿತು. ಅಗೆದಾಗ ಸಿಕ್ಕ ಅಸ್ಥಿಪಂಜರದ ಬೆನ್ನುಮೂಳೆ ಎಸ್ ಆಕಾರಕ್ಕೆ ಬಾಗಿತ್ತು. ತಲೆಬುರುಡೆಯಲ್ಲೇ ಒಂಬತ್ತು ಗಾಯಗಳಿದ್ದವು. ಆದರೆ ಬಾಗಿದ ಬೆನ್ನು, ಕತ್ತಿಯ ಗಾಯ ಇಷ್ಟರಿಂದಲೇ ಇವನೇ ರಾಜ ಅನ್ನುವ ಹಾಗಿರಲಿಲ್ಲ.

ರಿಚರ್ಡ್‌ಗೆ ಈಗ ನೇರ ಸಂತತಿ ಇಲ್ಲ. ಇದ್ದಿದ್ದರೂ ಅಷ್ಟು ದೂರದ ತಲೆಮಾರಿಗೆ ಸಾಮಾನ್ಯ ಡಿಎನ್‌ಎ ಕೆಲಸಕ್ಕೆ ಬರುವುದು ಕಷ್ಟ. ಪ್ರತಿ ತಲೆಮಾರಿನಲ್ಲೂ ಅದು ಅರ್ಧ ಅರ್ಧವಾಗುತ್ತಾ ಬರುತ್ತದೆ. 17 ತಲೆಮಾರು ಹಿಂದಕ್ಕೆ ಹೋದರೆ ವಂಶವೃಕ್ಷದಲ್ಲಿ 1,31,072 ಜಾಗಗಳಿರುತ್ತವೆ. ಆ ಕಾಲದ ಒಬ್ಬ ಪೂರ್ವಜರಿಂದ ನಿಮಗೆ ಒಂದು ತುಣುಕೂ ಬರದೇ ಇರುವ ಸಾಧ್ಯತೆಯೇ ಹೆಚ್ಚು. ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗವಾದ ಮೈಟೋಕಾಂಡ್ರಿಯಾದ ಡಿಎನ್‌ಎ ಹಾಗಲ್ಲ. 16,569 ಅಕ್ಷರಗಳ ಈ ಪುಟ್ಟ ಉಂಗುರ ತಾಯಿಯಿಂದ ಮಕ್ಕಳಿಗೆ ಇಡಿಯಾಗಿ ದಾಟುತ್ತದೆ. ರಿಚರ್ಡ್‌ಗೆ ಅದು ಬಂದಿದ್ದು ತಾಯಿ ಸಿಸಿಲಿ ನೆವಿಲ್‌ಳಿಂದ. ಅದೇ ಉಂಗುರ ಅಕ್ಕ ಆನ್‌ಗೂ ಬಂದಿತ್ತು. ಆನ್‌ಳ ಮಗಳು, ಮಗಳ ಮಗಳು ಅಂತ ಹೆಣ್ಣಿನ ದಾರಿಯಲ್ಲೇ ಇಳಿದು ಬಂದರೆ ಇವತ್ತಿನವರು ಸಿಗಬೇಕು.

ಸಿಕ್ಕಿದ್ದರು. ಇತಿಹಾಸಕಾರ ಜಾನ್ ಆಶ್‌ಡೌನ್-ಹಿಲ್ ಅಗೆತಕ್ಕೆ ಎಷ್ಟೋ ಮೊದಲೇ ಈ ದಾರಿ ಹಿಡಿದು ಕೆನಡಾಕ್ಕೆ ಹೋಗಿ ನೆಲೆಸಿದ್ದ ಜಾಯ್ ಇಬ್ಸೆನ್ ಅವರನ್ನು ಪತ್ತೆ ಮಾಡಿದ್ದರು. ಅವರ ಮಗ ಮೈಕಲ್ ಇಬ್ಸೆನ್ ಲಂಡನ್‌ನಲ್ಲಿ ಮರಗೆಲಸದವರು. ಲೆಸ್ಟರ್‌ನ ಕೆವಿನ್ ಶೂರರ್ ಒಂದೊಂದು ಕೊಂಡಿಗೂ ದಾಖಲೆ ಹುಡುಕಿ ಆ ವಂಶವೃಕ್ಷವನ್ನು ಗಟ್ಟಿ ಮಾಡಿದರು. ಜೊತೆಗೆ ಅದೇ ಅಕ್ಕನ ಇನ್ನೊಂದು ಕವಲಿನ ವೆಂಡಿ ಡುಲ್ಡಿಗ್ ಅವರನ್ನೂ ಹುಡುಕಿ ತೆಗೆದರು.

ಕಿಂಗ್ ರಾಜನ ಹಲ್ಲು ಮತ್ತು ತೊಡೆಮೂಳೆಯ ಮಾದರಿಗಳನ್ನು ತೆಗೆದುಕೊಂಡು ಯಾರ್ಕ್ ಮತ್ತು ಫ್ರಾನ್ಸಿನ ಟುಲೂಸ್‌ನಲ್ಲಿರುವ ಪ್ರಾಚೀನ ಡಿಎನ್‌ಎ ಲ್ಯಾಬ್‌ಗಳಿಗೆ ಹೋದರು. ಎರಡು ಕಡೆ ಮಾಡಿದ್ದಕ್ಕೆ ಕಾರಣ ಸ್ಪಷ್ಟ. ಒಂದು ಲ್ಯಾಬ್‌ನಲ್ಲಿ ಏನಾದರೂ ಬೆರೆತಿದ್ದರೆ ಇನ್ನೊಂದರಲ್ಲಿ ಸಿಕ್ಕಿಬೀಳುತ್ತದೆ. ಮೈಕಲ್ ಅವರ ಮೈಟೋಕಾಂಡ್ರಿಯಾ ಡಿಎನ್‌ಎ ಅಕ್ಷರ ಅಕ್ಷರವೂ ಮೂಳೆಯದರೊಂದಿಗೆ ಹೊಂದಿತು. ವೆಂಡಿ ಅವರದರಲ್ಲಿ ಒಂದೇ ಒಂದು ಅಕ್ಷರ ಬೇರೆ. ಅಷ್ಟು ತಲೆಮಾರಿನಲ್ಲಿ ಒಂದು ಬದಲಾವಣೆ ಸಹಜವೇ. ಇದು ಕಾಕತಾಳೀಯ ಇರಬಹುದಲ್ಲ ಅನ್ನುವ ಸಂಶಯಕ್ಕೂ ಉತ್ತರ ಬೇಕಿತ್ತು. ಯುರೋಪಿನ 26,000ಕ್ಕೂ ಹೆಚ್ಚು ಜನರ ಮಾಹಿತಿಯೊಂದಿಗೆ ಹೋಲಿಸಿದರು. ಒಬ್ಬರದೂ ಹೊಂದಲಿಲ್ಲ. ಮೈಕಲ್ ಗಂಡಸಾದ್ದರಿಂದ ಈ ಉಂಗುರವನ್ನು ಮುಂದಕ್ಕೆ ದಾಟಿಸಲಾರರು. ಒಂದೆರಡು ತಲೆಮಾರು ತಡವಾಗಿದ್ದರೆ ಹೋಲಿಸಲು ಯಾರೂ ಸಿಗದೇ ಹೋಗುತ್ತಿದ್ದರೋ ಏನೋ.

ಗಂಡಸರ ದಾರಿಯನ್ನೂ ನೋಡಬೇಕಿತ್ತು. ರಿಚರ್ಡ್‌ನ ಮುತ್ತಜ್ಜನ ತಂದೆ ಮೂರನೇ ಎಡ್ವರ್ಡ್. ಅದೇ ಎಡ್ವರ್ಡ್‌ನ ಇನ್ನೊಬ್ಬ ಮಗ ಜಾನ್ ಆಫ್ ಗಾಂಟ್‌ನಿಂದ ಇಳಿದು ಬಂದದ್ದು ಬ್ಯೂಫೋರ್ಟ್‌ನ ಡ್ಯೂಕ್‌ಗಳ ಮನೆತನ. ಐದನೇ ಡ್ಯೂಕ್‌ನ ಗಂಡು ಸಂತತಿಯ ಐವರು ಡಿಎನ್‌ಎ ಕೊಟ್ಟರು. ನಾಲ್ವರದು ತಮ್ಮೊಳಗೆ ಹೊಂದಿತು, ಒಬ್ಬರದು ಹೊಂದಲಿಲ್ಲ. ರಾಜನ ವೈ ಕ್ರೋಮೋಸೋಮ್ ಅಂತೂ ಈ ಐವರಲ್ಲಿ ಯಾರದಕ್ಕೂ ಹೊಂದಲಿಲ್ಲ.

ಇಡೀ ಕಥೆಯಲ್ಲಿ ನನಗೆ ಅತ್ಯಂತ ಮುಖ್ಯ ಅನ್ನಿಸುವ ಜಾಗ ಇದೇ. ಪುರಾವೆ ಬೇಕು ಅಂತ ಹೊರಟವರಿಗೆ ಎದುರು ಸಾಕ್ಷಿ ಸಿಕ್ಕಿದೆ. ಇದನ್ನು ಅಡಿಟಿಪ್ಪಣಿಗೆ ತಳ್ಳಬಹುದಿತ್ತು. ಕಿಂಗ್ ತಂಡ ಹಾಗೆ ಮಾಡಲಿಲ್ಲ. ಸರ್‌ನೇಮ್‌ಗಳ ಕೆಲಸದಿಂದ ಬಂದ ಆ ನೂರಕ್ಕೆ ಒಂದು-ಎರಡರ ಲೆಕ್ಕ ಇಲ್ಲಿ ಕೆಲಸಕ್ಕೆ ಬಂತು. ರಿಚರ್ಡ್‌ನಿಂದ ಎಡ್ವರ್ಡ್‌ವರೆಗೆ ಹತ್ತಿ, ಅಲ್ಲಿಂದ ಐದನೇ ಡ್ಯೂಕ್‌ವರೆಗೆ ಇಳಿದರೆ 19 ಕೊಂಡಿಗಳು. ಅವುಗಳಲ್ಲಿ ಎಲ್ಲಾದರೂ ಒಂದು ಕಡೆ ದಾಖಲೆಯ ಅಪ್ಪ ಬೇರೆ, ಹೆತ್ತ ಅಪ್ಪ ಬೇರೆ ಆಗಿರುವ ಸಾಧ್ಯತೆ ಸುಮಾರು ಶೇ. 16. ಅಂದರೆ ಅಚ್ಚರಿಪಡುವಷ್ಟು ಅಪರೂಪವೇನಲ್ಲ. ಈ ಹೊಂದದ ಸಾಕ್ಷಿಯನ್ನೂ ಸೇರಿಸಿಕೊಂಡು, ಇಂಗಾಲದ ಕಾಲಮಾಪನ, ವಯಸ್ಸು, ಬೆನ್ನುಮೂಳೆ, ಗಾಯ, ಮೈಟೋಕಾಂಡ್ರಿಯಾ ಎಲ್ಲವನ್ನೂ ಒಟ್ಟಿಗಿಟ್ಟು ಲೆಕ್ಕ ಮಾಡಿದರು. ಇದು ರಿಚರ್ಡ್‌ನದೇ ಮೂಳೆ ಅನ್ನುವುದು ಶೇ. 99.999ರಷ್ಟು ಖಚಿತ ಅಂತ ಬಂತು. 2014ರ ಡಿಸೆಂಬರ್‌ನಲ್ಲಿ ಲೇಖನ ಪ್ರಕಟವಾಯಿತು.

ಅದೇ ಲೇಖನದಲ್ಲಿ ಇನ್ನೊಂದು ಮಾತಿದೆ. ರಾಜನ ಕಣ್ಣು ನೀಲಿ ಇದ್ದಿರುವ ಸಾಧ್ಯತೆ ಶೇ. 96, ಕೂದಲು ಹೊಂಬಣ್ಣ ಇದ್ದಿರುವ ಸಾಧ್ಯತೆ ಶೇ. 77. ಚಿಕ್ಕಂದಿನಲ್ಲಿ ಹೊಂಬಣ್ಣವಿದ್ದ ಕೂದಲು ದೊಡ್ಡವರಾದಾಗ ಕಪ್ಪಾಗುವುದುಂಟು ಅನ್ನುವ ಎಚ್ಚರಿಕೆಯೂ ಜೊತೆಗಿದೆ.

ವೈ ಕ್ರೋಮೋಸೋಮ್ ಹೊಂದಲಿಲ್ಲ ಅನ್ನುವ ಸುದ್ದಿ ಹೊರಬಿದ್ದ ಕೂಡಲೇ ಇಂಗ್ಲೆಂಡಿನ ಸಿಂಹಾಸನದ ಹಕ್ಕಿನ ಬಗ್ಗೆ ಪತ್ರಿಕೆಗಳಲ್ಲಿ ಗಲಾಟೆ ಶುರುವಾಯಿತು. ಕೊಂಡಿ ಕಳಚಿದ್ದು ಎಲ್ಲಿ ಅಂತ ಗೊತ್ತಿಲ್ಲದೆ ಆ ಮಾತಿಗೆ ಅರ್ಥವಿಲ್ಲ. ಅದು ಹೆಚ್ಚುಪಾಲು ತಲೆಮಾರುಗಳಿರುವ, ಸಿಂಹಾಸನದ ಗೊಡವೆಯೇ ಇಲ್ಲದ ಡ್ಯೂಕ್‌ಗಳ ಕಡೆ ಕಳಚಿರಬಹುದು. ಬಾಸ್ವರ್ತ್‌ನಲ್ಲಿ ಗೆದ್ದ ಏಳನೇ ಹೆನ್ರಿ ಕಿರೀಟ ತೊಟ್ಟದ್ದು ಕತ್ತಿಯ ಬಲದಿಂದ ಅನ್ನುವುದನ್ನೂ ಮರೆಯಬಾರದು.

ಇವತ್ತು ಎಂಜಲು ಹಾಕಿ ಕಳಿಸಿದರೆ ಪೂರ್ವಜರ ಪಟ್ಟಿ ಕೊಡುವ ಕಂಪನಿಗಳು ಬೇಕಾದಷ್ಟಿವೆ. ನಿಮ್ಮಲ್ಲಿ ಶೇಕಡಾ ಇಷ್ಟು ಈ ನಾಡಿನದು ಅಂತ ಅವು ಹೇಳುತ್ತವೆ. ಅದು ಈಗ ಬದುಕಿರುವ ಜನರೊಂದಿಗಿನ ಹೋಲಿಕೆ. ಯಾರೊಂದಿಗೆ ಹೋಲಿಸಿದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ವೈ ಕ್ರೋಮೋಸೋಮ್ ತೋರಿಸುವುದು ಅಪ್ಪನ ಅಪ್ಪನ ಅಪ್ಪನ ಒಂದೇ ಒಂದು ಗೆರೆ. ಹತ್ತು ತಲೆಮಾರು ಹಿಂದಿನ 1,024 ಜನರಲ್ಲಿ ಒಬ್ಬ. ಯಾರ್ಕ್‌ಷೈರ್‌ನ ಆ ಏಳು ಮಂದಿಯ ಉಳಿದ ಪೂರ್ವಜರೆಲ್ಲ ಇಂಗ್ಲೆಂಡಿನವರೇ ಆಗಿರಬಹುದು. ಒಂದು ಗೆರೆ ಹಿಡಿದು ನೀವು ವೈಕಿಂಗ್, ನೀವು ರಾಜವಂಶದವರು ಅನ್ನುವವರ ಮಾತನ್ನು ನಂಬುವ ಮೊದಲು ಈ ಲೆಕ್ಕ ಮಾಡಿ ನೋಡಬೇಕು, ಅಲ್ವಾ?

ರಿಚರ್ಡ್‌ನ ಡಿಎನ್‌ಎಯಿಂದ ಇನ್ನೊಂದು ಹಳೆಯ ಪ್ರಶ್ನೆಯನ್ನೂ ಕೇಳಬಹುದು. ಅವನ ಅಣ್ಣ ನಾಲ್ಕನೇ ಎಡ್ವರ್ಡ್‌ನ ಇಬ್ಬರು ಪುಟ್ಟ ಗಂಡು ಮಕ್ಕಳು 1483ರಲ್ಲಿ ಲಂಡನ್ ಗೋಪುರದಲ್ಲಿ ಕಣ್ಮರೆಯಾದರು. ರಿಚರ್ಡ್‌ನೇ ಕೊಲ್ಲಿಸಿದ ಅನ್ನುವ ಆರೋಪ ಅವತ್ತಿನಿಂದ ಇದೆ. 1674ರಲ್ಲಿ ಗೋಪುರದ ಮೆಟ್ಟಿಲ ಕೆಳಗೆ ಇಬ್ಬರು ಮಕ್ಕಳ ಮೂಳೆ ಸಿಕ್ಕಿತು. ಎರಡನೇ ಚಾರ್ಲ್ಸ್ ಅದನ್ನು ವೆಸ್ಟ್‌ಮಿನ್‌ಸ್ಟರ್ ಅಬ್ಬೆಯ ಕಲ್ಲಿನ ಕರಂಡಕದಲ್ಲಿ ಇರಿಸಿದ. ಮೈಕಲ್ ಅವರ ಮೈಟೋಕಾಂಡ್ರಿಯಾ ಇಲ್ಲಿ ಪ್ರಯೋಜನಕ್ಕಿಲ್ಲ, ಯಾಕೆಂದರೆ ಆ ಮಕ್ಕಳಿಗೆ ಅದು ಬಂದಿದ್ದು ತಾಯಿ ಎಲಿಜಬೆತ್ ವುಡ್‌ವಿಲ್‌ಳಿಂದ. ಆದರೆ ಚಿಕ್ಕಪ್ಪನ ವೈ ಕ್ರೋಮೋಸೋಮ್ ಈಗ ಲೆಸ್ಟರ್‌ನ ದಾಖಲೆಯಲ್ಲಿದೆ. ಕರಂಡಕವನ್ನು 1933ರಲ್ಲಿ ಒಮ್ಮೆ ತೆರೆದು ನೋಡಿದ್ದರು, ಆಗ ಡಿಎನ್‌ಎ ಪರೀಕ್ಷೆ ಇರಲಿಲ್ಲ. ಆಮೇಲೆ ಪರೀಕ್ಷೆಗೆ ಕೇಳಿದವರಿಗೆ ಅನುಮತಿ ಸಿಕ್ಕಿಲ್ಲ.