ಪದ ಪರಿಚಯ: ಕರ್ನಲ್ ಪ್ಯಾನಿಕ್

ಕಪ್ಪು ಪರದೆ ಮೇಲೆ ಬಿಳಿ ಸಾಲುಗಳು ಸರಸರ ಓಡಿ ಗಕ್ಕನೆ ನಿಂತವು. ಲ್ಯಾಪ್‌ಟಾಪಿನ ಕ್ಯಾಪ್ಸ್ ಲಾಕ್ ದೀಪ ತನ್ನಷ್ಟಕ್ಕೆ ತಾನೇ ಮಿಣುಕತೊಡಗಿತು. ಯಾವ ಕೀ ಒತ್ತಿದರೂ ಉತ್ತರವಿಲ್ಲ. ಕೊನೆಯ ಸಾಲು ಇಷ್ಟು:

“ಕರ್ನಲ್ ಪ್ಯಾನಿಕ್ - ನಾಟ್ ಸಿಂಕಿಂಗ್: ವಿಎಫ್‌ಎಸ್: ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(0,0)”

ಅದು ನಾನೇ ಕಟ್ಟಿದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್. ಎರಡು ವಾರ, ದಿನಾ ಸಂಜೆ ಕೂತು, ಒಂದೊಂದೇ ಪ್ಯಾಕೇಜಿನ ಸೋರ್ಸ್ ಕೋಡ್ ಇಳಿಸಿಕೊಂಡು ಕಂಪೈಲ್ ಮಾಡಿದ್ದೆ, ಅಂದರೆ ಮನುಷ್ಯರು ಬರೆದ ಕೋಡನ್ನು ಮಷೀನು ಓಡಿಸಬಲ್ಲ ಪ್ರೋಗ್ರಾಮಾಗಿ ಮಾರ್ಪಡಿಸಿದ್ದೆ. ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಅಂತ ಒಂದು ಯೋಜನೆ ಇದೆ. ಗೆರಾರ್ಡ್ ಬೀಕ್‌ಮನ್ಸ್ ಎಂಬುವರು 1999ರಲ್ಲಿ ಶುರು ಮಾಡಿದ್ದು. ಇನ್‌ಸ್ಟಾಲ್ ಮಾಡುವ ಡಿಸ್ಕ್ ಏನೂ ಅಲ್ಲಿ ಸಿಗುವುದಿಲ್ಲ. ಯಾವುದನ್ನು, ಯಾವ ಕ್ರಮದಲ್ಲಿ, ಹೇಗೆ ಕಂಪೈಲ್ ಮಾಡಬೇಕು ಎಂದು ಹೇಳಿಕೊಡುವ ಪುಸ್ತಕ ಸಿಗುತ್ತದೆ. ಕಂಪೈಲರನ್ನೂ ನಾವೇ ಕಂಪೈಲ್ ಮಾಡಬೇಕು. ಕೊನೆಗೆ ಕರ್ನಲ್. ಆಮೇಲೆ ಮೊದಲ ಬೂಟ್. ಆ ಮೊದಲ ಬೂಟ್‌ನಲ್ಲಿ ಬಹಳ ಜನರಿಗೆ ಎದುರಾಗುವ ಮಾತು ಇದು: ಕರ್ನಲ್ ಪ್ಯಾನಿಕ್.

ಕರ್ನಲ್ ಅಂದರೆ ತಿರುಳು. ಆಪರೇಟಿಂಗ್ ಸಿಸ್ಟಮ್‌ನ ಒಳಗಿನ ತಿರುಳು. ಮೆಮೊರಿ, ಡಿಸ್ಕ್, ಪ್ರೊಸೆಸರ್ ಎಲ್ಲವೂ ಅದರ ಉಸ್ತುವಾರಿಯಲ್ಲಿ ಇರುತ್ತವೆ. ಪ್ಯಾನಿಕ್ ಅಂದರೆ ಗಾಬರಿ. ಎರಡನ್ನೂ ಸೇರಿಸಿ ಓದಿದರೆ ‘ತಿರುಳು ಗಾಬರಿಯಾಯಿತು’ ಎಂಬ ಅರ್ಥ ಬರುತ್ತದೆ. ಈ ಅರ್ಥ ದಾರಿ ತಪ್ಪಿಸುತ್ತದೆ ಎನ್ನುವುದು ನನ್ನ ಅಭಿಪ್ರಾಯ. ಗಾಬರಿಯಾದವರು ದಿಕ್ಕು ತೋಚದೆ ಏನೇನೋ ಮಾಡುತ್ತಾರೆ. ಕರ್ನಲ್ ಇಲ್ಲಿ ಮಾಡುವುದು ಅದಕ್ಕೆ ತದ್ವಿರುದ್ಧ. ಇನ್ನೊಂದು ಹೆಜ್ಜೆ ಮುಂದಿಟ್ಟರೆ ಅಪಾಯ ಎಂದು ಗೊತ್ತಾದ ಕ್ಷಣವೇ ಕೆಲಸ ನಿಲ್ಲಿಸುತ್ತದೆ. ಯಾಕೆ ನಿಲ್ಲಿಸಿದೆ ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಡುತ್ತದೆ.

ಹಾಗಾದರೆ ‘ಪ್ಯಾನಿಕ್’ ಎಂಬ ಹೆಸರು ಎಲ್ಲಿಂದ ಬಂತು? ಯುನಿಕ್ಸ್‌ನಿಂದ. ಅದರ ಬಗ್ಗೆ ಟಾಮ್ ವ್ಯಾನ್ ವ್ಲೆಕ್ ನೆನಪಿಸಿಕೊಂಡ ಒಂದು ಪ್ರಸಂಗ ಇದೆ. ಅವರು ಮಲ್ಟಿಕ್ಸ್ ಎಂಬ ಹಿಂದಿನ ಕಾಲದ ಆಪರೇಟಿಂಗ್ ಸಿಸ್ಟಮ್‌ಗೆ ಕೆಲಸ ಮಾಡಿದವರು. ಮಲ್ಟಿಕ್ಸ್‌ಗೆ ತಾವು ಬರೆಯುತ್ತಿರುವ ಕೋಡಿನಲ್ಲಿ ಅರ್ಧದಷ್ಟು ತಪ್ಪು ಸರಿಪಡಿಸಿಕೊಳ್ಳುವ ಕೋಡೇ ಎಂದು ಅವರು ಡೆನ್ನಿಸ್ ರಿಚಿ ಹತ್ತಿರ ಹೇಳಿದರಂತೆ. ಯುನಿಕ್ಸ್ ಕಟ್ಟಿದ ಇಬ್ಬರಲ್ಲಿ ರಿಚಿ ಒಬ್ಬರು. ನಾವು ಅದನ್ನೆಲ್ಲ ಬಿಟ್ಟಿದ್ದೇವೆ ಅಂದರಂತೆ ರಿಚಿ. ತಪ್ಪಾದರೆ ಪ್ಯಾನಿಕ್ ಅಂತ ಒಂದು ರೂಟೀನ್ ಇದೆ, ಅದನ್ನು ಕರೆದರೆ ಮಷೀನು ನಿಂತುಹೋಗುತ್ತದೆ, ಆಗ ಪಡಸಾಲೆಯ ಆ ತುದಿಯಲ್ಲಿದ್ದವರಿಗೆ ‘ಏ, ರೀಬೂಟ್ ಮಾಡ್ರಪ್ಪಾ’ ಅಂತ ಕೂಗುವುದು, ಅಷ್ಟೇ. ಲಿನಕ್ಸ್ ಕರ್ನಲ್‌ನ ಒಳಗೆ ಇವತ್ತಿಗೂ ಅದೇ ಹೆಸರಿನ ಫಂಕ್ಷನ್ ಇದೆ. ನಮ್ಮ ಪರದೆ ಮೇಲೆ ಬರುವ ಸಾಲು ಅದರದ್ದೇ.

ಎಲ್ಲ ತಪ್ಪಿಗೂ ಪ್ಯಾನಿಕ್ ಆಗುವುದಿಲ್ಲ. ಒಂದು ಡ್ರೈವರ್ (ಒಂದು ಸಾಧನವನ್ನು ನಡೆಸುವ ಕೋಡ್) ಎಡವಿದರೆ ಕರ್ನಲ್ ‘ಊಪ್ಸ್’ ಎಂಬ ವರದಿ ಬರೆದು, ಆಗ ಓಡುತ್ತಿದ್ದ ಆ ಒಂದು ಪ್ರೋಗ್ರಾಮನ್ನು ಕೊಂದು, ಸಾಧ್ಯವಾದರೆ ಮುಂದುವರಿಯುತ್ತದೆ. ಮುಂದುವರಿಯಲು ದಾರಿಯೇ ಇಲ್ಲದಾಗ ಮಾತ್ರ ಪ್ಯಾನಿಕ್. ವಿಂಡೋಸ್‌ನ ನೀಲಿ ಪರದೆ ನೋಡಿದ್ದೀರಲ್ವಾ? ಇದು ಅದರ ಸೋದರ ಸಂಬಂಧಿ.

ಇನ್ನು ‘ನಾಟ್ ಸಿಂಕಿಂಗ್’. ಡಿಸ್ಕಿಗೆ ಬರೆಯಬೇಕಾದ್ದನ್ನು ಕರ್ನಲ್ ಸ್ವಲ್ಪ ಹೊತ್ತು ಮೆಮೊರಿಯಲ್ಲಿ ಕೂಡಿಟ್ಟು, ಆಮೇಲೆ ಒಟ್ಟಿಗೆ ಬರೆಯುತ್ತದೆ. ಹಾಗೆ ಬರೆದು ಮುಗಿಸುವುದೇ ಸಿಂಕ್. ಪ್ಯಾನಿಕ್ ಆದಾಗ ಕರ್ನಲ್‌ಗೆ ತನ್ನ ಮೆಮೊರಿಯ ಮೇಲೇ ನಂಬಿಕೆ ಇರುವುದಿಲ್ಲ. ಕೆಟ್ಟದ್ದನ್ನು ಬರೆದು ಡಿಸ್ಕನ್ನೂ ಕೆಡಿಸುವುದಕ್ಕಿಂತ ಬರೆಯದೆ ಬಿಡುವುದೇ ವಾಸಿ. ‘ನಾಟ್ ಸಿಂಕಿಂಗ್’ ಎಂದರೆ ಆ ಕೆಲಸಕ್ಕೆ ನಾನು ಕೈ ಹಾಕುತ್ತಿಲ್ಲ ಎಂದು. ಈ ಎರಡು ಪದ ನೋಡಿ ಡಿಸ್ಕೇ ಹೋಯಿತು ಎಂದು ಎದೆಗುಂದುವವರಿದ್ದಾರೆ. ಹಾಗೇನೂ ಇಲ್ಲ.

ಪ್ಯಾನಿಕ್ ಸಾಲಿನಲ್ಲಿ ನಿಜವಾದ ಸಮಾಚಾರ ಇರುವುದು ಆಮೇಲಿನ ಭಾಗದಲ್ಲಿ. ಅದನ್ನು ಓದಬೇಕಾದರೆ ಬೂಟ್ ಎಂಬ ದಾರಿ ಗೊತ್ತಿರಬೇಕು. ಪವರ್ ಬಟನ್ ಒತ್ತಿದಾಗ ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನ ಫರ್ಮ್‌ವೇರ್. ಹಳೆಯದರಲ್ಲಿ ಬಯೋಸ್, ಹೊಸದರಲ್ಲಿ ಯುಇಎಫ್‌ಐ. ಅದು ಗ್ರಬ್‌ನಂಥ ಬೂಟ್‌ಲೋಡರನ್ನು ಹುಡುಕಿ ಕೆಲಸ ಒಪ್ಪಿಸುತ್ತದೆ. ಗ್ರಬ್ ಕರ್ನಲ್ ಫೈಲನ್ನು ಮೆಮೊರಿಗೆ ತಂದು ಓಡಿಸುತ್ತದೆ. ಕರ್ನಲ್ ರೂಟ್ ಫೈಲ್ ಸಿಸ್ಟಮನ್ನು, ಅಂದರೆ ಸಿಸ್ಟಮ್‌ನ ಫೈಲುಗಳಿರುವ ಬುಡದ ಜಾಗವನ್ನು, ಮೌಂಟ್ ಮಾಡುತ್ತದೆ, ಎಂದರೆ ಬಳಕೆಗೆ ಜೋಡಿಸಿಕೊಳ್ಳುತ್ತದೆ. ಅದರೊಳಗಿನ ಇನಿಟ್ ಎಂಬ ಪ್ರೋಗ್ರಾಮನ್ನು 1ನೇ ಪ್ರೋಸೆಸ್ ಆಗಿ ಶುರು ಮಾಡುತ್ತದೆ. ಉಳಿದೆಲ್ಲವನ್ನೂ ಎಬ್ಬಿಸುವುದು ಇನಿಟ್‌ನ ಕೆಲಸ. ಹಾಗಾಗಿ ‘ಗ್ರಬ್ ರೆಸ್ಕ್ಯೂ’ ಎಂದು ಬಂದು ನಿಂತಿದ್ದರೆ ಅದು ಪ್ಯಾನಿಕ್ ಅಲ್ಲವೇ ಅಲ್ಲ. ಕರ್ನಲ್ ಇನ್ನೂ ಎದ್ದೇ ಇಲ್ಲ. ಆಗ ಕರ್ನಲ್ ಕಾನ್ಫಿಗರೇಷನ್ ತಿದ್ದುತ್ತಾ ಕೂತರೆ ರಾತ್ರಿಯೆಲ್ಲ ಸುಮ್ನೆ ಹಾಳು. ಪ್ಯಾನಿಕ್ ಎಂಬ ಪದ ಕಂಡಿತು ಅಂದರೆ ಫರ್ಮ್‌ವೇರ್, ಗ್ರಬ್ ಎರಡೂ ತಮ್ಮ ಪಾಲಿನದನ್ನು ಮುಗಿಸಿವೆ. ಅಷ್ಟು ದಾರಿ ದಾಟಿದ್ದೇವೆ.

ಈಗ ನನ್ನ ಸಾಲಿಗೆ ಬರೋಣ. ವಿಎಫ್‌ಎಸ್ ಅಂದರೆ ವರ್ಚುವಲ್ ಫೈಲ್ ಸಿಸ್ಟಮ್. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿರುವ ಕ್ರಮ ಇಎಕ್ಸ್‌ಟಿ4 ಆಗಲಿ, ಬೇರೆ ಯಾವುದೇ ಆಗಲಿ, ಎಲ್ಲವನ್ನೂ ಒಂದೇ ರೀತಿ ಕಾಣುವಂತೆ ಮಾಡುವ ಕರ್ನಲ್‌ನ ಪದರ ಅದು. ‘ರೂಟ್ ಫೈಲ್ ಸಿಸ್ಟಮ್ ಮೌಂಟ್ ಮಾಡಲು ಆಗಲಿಲ್ಲ’ ಎಂಬುದು ದೂರು. ಯಾವುದನ್ನು? ಅದಕ್ಕೆ ಉತ್ತರ ಕೊನೆಯ ಆವರಣದಲ್ಲಿರುವ ಎರಡು ಅಂಕಿ. ಇಡೀ ಸಾಲಿನಲ್ಲಿ ಅತಿ ಬೆಲೆಬಾಳುವುದು ಅವೇ. ಜಾಸ್ತಿ ಜನ ಅವನ್ನು ಓದದೆ ಬಿಡುತ್ತಾರೆ.

ಲಿನಕ್ಸ್ ಪ್ರತಿ ಡಿಸ್ಕಿಗೂ ಪಾರ್ಟಿಷನ್‌ಗೂ (ಡಿಸ್ಕಿನ ಒಂದು ಭಾಗಕ್ಕೂ) ಎರಡು ನಂಬರ್ ಕೊಡುತ್ತದೆ. ಮೊದಲಿನದು ಮೇಜರ್. ಯಾವ ಬಗೆಯ ಸಾಧನ, ಯಾವ ಡ್ರೈವರ್ ನೋಡಿಕೊಳ್ಳುತ್ತದೆ ಎನ್ನುವುದಕ್ಕೆ. ಎರಡನೆಯದು ಮೈನರ್. ಆ ಬಗೆಯಲ್ಲಿ ಎಷ್ಟನೆಯದು ಎನ್ನುವುದಕ್ಕೆ. ಸಾಟಾ ಎಂಬ ಬಗೆಯ ಡಿಸ್ಕಿನ ಮೇಜರ್ 8. ಎಸ್‌ಡಿಎ2 ಅಂದರೆ ಮೊದಲ ಡಿಸ್ಕಿನ ಎರಡನೇ ಪಾರ್ಟಿಷನ್, ಅದು 8,2. ಎರಡನೇ ಡಿಸ್ಕ್ 16ರಿಂದ ಶುರುವಾಗುತ್ತದೆ, ಹಾಗಾಗಿ ಎಸ್‌ಡಿಬಿ2 ಅಂದರೆ 8,18. ಎನ್‌ವಿಎಂಇ ಎಂಬ ಇನ್ನೊಂದು ಬಗೆಯ ಡಿಸ್ಕಿನ ಪಾರ್ಟಿಷನ್‌ಗಳು ಸಾಮಾನ್ಯವಾಗಿ 259ರಲ್ಲಿ ಬರುತ್ತವೆ.

ಅಂದಮೇಲೆ 0,0 ಏನು? ಯಾವ ಸಾಧನವೂ ಇಲ್ಲ. ನೀನು ಹೇಳಿದ ಹೆಸರಿನ ಡಿಸ್ಕನ್ನು ನಾನು ಕಂಡೇ ಇಲ್ಲ ಎನ್ನುತ್ತಿದೆ ಕರ್ನಲ್. ಅದೇ ಜಾಗದಲ್ಲಿ 8,2 ಇದ್ದರೆ ಕಥೆ ಬೇರೆ. ಆಗ ಡಿಸ್ಕ್ ಸಿಕ್ಕಿದೆ, ಪಾರ್ಟಿಷನ್ ಸಿಕ್ಕಿದೆ, ಅದರೊಳಗಿನ ಫೈಲ್ ಸಿಸ್ಟಮ್ ಮಾತ್ರ ಅರ್ಥವಾಗಿಲ್ಲ. ಇಎಕ್ಸ್‌ಟಿ4 ಡ್ರೈವರ್ ಸೇರಿಸಿಲ್ಲವೋ, ಮೆಮೊರಿ ಸಾಲದಾದಾಗ ಬಳಸುವ ಸ್ವ್ಯಾಪ್ ಪಾರ್ಟಿಷನನ್ನು ರೂಟ್ ಎಂದು ತೋರಿಸಿದ್ದೇವೋ ನೋಡಬೇಕು. ಎರಡು ಅಂಕಿ ಬದಲಾದರೆ ಹುಡುಕುವ ಜಾಗವೇ ಬದಲಾಗುತ್ತದೆ.

0,0 ಬಂದಾಗ ಕಣ್ಣು ಮೇಲಿನ ಕೆಲವು ಸಾಲುಗಳಿಗೆ ಹೋಗಬೇಕು. ಪ್ಯಾನಿಕ್ ಆಗುವ ಮೊದಲು ಕರ್ನಲ್ ತನಗೆ ಕಂಡ ಪಾರ್ಟಿಷನ್‌ಗಳ ಪಟ್ಟಿ ಕೊಡುತ್ತದೆ. ಪಟ್ಟಿಯಲ್ಲಿ ನಮ್ಮ ಪಾರ್ಟಿಷನ್ ಇದ್ದರೆ ಡ್ರೈವರ್ ಸರಿ ಇದೆ, ನಾವು ಕೊಟ್ಟ ಹೆಸರು ತಪ್ಪು. ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಆಗುತ್ತದೆ. ಗ್ರಬ್ ಫೈಲಿನಲ್ಲಿ ‘ರೂಟ್’ ಎರಡು ಕಡೆ ಬರುತ್ತದೆ. ‘ಸೆಟ್ ರೂಟ್’ ಎಂಬುದು ಗ್ರಬ್‌ಗೆ: ಕರ್ನಲ್ ಫೈಲ್ ಯಾವ ಪಾರ್ಟಿಷನ್‌ನಲ್ಲಿದೆ ಎಂದು. ಕರ್ನಲ್ ಹೆಸರಿನ ಮುಂದೆ ಅದೇ ಸಾಲಿನಲ್ಲಿ ಬರೆಯುವ ‘ರೂಟ್=’ ಕರ್ನಲ್‌ಗೆ: ನಿನ್ನ ಮನೆ ಯಾವುದು ಎಂದು. ಮೊದಲನೆಯದು ತಪ್ಪಿದರೆ ಗ್ರಬ್ ದೂರುತ್ತದೆ, ಎರಡನೆಯದು ತಪ್ಪಿದರೆ ಪ್ಯಾನಿಕ್. ಗ್ರಬ್ ಡಿಸ್ಕನ್ನು 0ಯಿಂದ ಎಣಿಸುತ್ತದೆ, ಪಾರ್ಟಿಷನನ್ನು 1ರಿಂದ ಎಣಿಸುತ್ತದೆ, ಅದೂ ನೆನಪಿರಲಿ. ಇನ್ನೊಂದು: ಎಲ್ಲೋ ನೋಡಿ ‘ರೂಟ್=ಯುಯುಐಡಿ’ ಎಂದು ಫೈಲ್ ಸಿಸ್ಟಮ್‌ನ ಗುರುತಿನ ಸಂಖ್ಯೆ ಬರೆದರೆ ಕರ್ನಲ್ ಒಂದೇ ಅದನ್ನು ಬಿಡಿಸಲಾರದು. ಅದಕ್ಕೆ ಇನಿಟ್‌ರ‍್ಯಾಮ್‌ಎಫ್‌ಎಸ್‌ನ ನೆರವು ಬೇಕು (ಅದೇನೆಂದು ಮುಂದೆ ಹೇಳುತ್ತೇನೆ). ಪಾರ್ಟ್‌ಯುಯುಐಡಿ (ಪಾರ್ಟಿಷನ್‌ನ ಗುರುತು) ಆದರೆ ಅದರ ನೆರವಿಲ್ಲದೆಯೂ ನಡೆಯುತ್ತದೆ. ಯುಎಸ್‌ಬಿ ಡಿಸ್ಕಿನಿಂದ ಬೂಟ್ ಮಾಡುತ್ತಿದ್ದರೆ ಡಿಸ್ಕ್ ಏಳುವುದು ಸ್ವಲ್ಪ ತಡ. ‘ರೂಟ್‌ವೇಟ್’ ಎಂದು ಸೇರಿಸಿದರೆ ಕರ್ನಲ್ ಕಾಯುತ್ತದೆ.

ನನ್ನ ಪರದೆಯಲ್ಲಿ ಪಟ್ಟಿ ಖಾಲಿ ಇತ್ತು. ಒಂದೇ ಒಂದು ಪಾರ್ಟಿಷನ್ ಇಲ್ಲ. ಅಂದರೆ ಹೆಸರಿನ ತಪ್ಪಲ್ಲ, ಡಿಸ್ಕಿನ ಡ್ರೈವರೇ ಇಲ್ಲ. ಆದರೆ ಎನ್‌ವಿಎಂಇ ಡ್ರೈವರನ್ನು ಆರಿಸಿದ್ದು ನನಗೆ ಚೆನ್ನಾಗಿ ನೆನಪಿತ್ತು!

ಯುಎಸ್‌ಬಿಯಲ್ಲಿದ್ದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವ ಲಿನಕ್ಸ್) ಹಾಕಿ ಬೂಟ್ ಮಾಡಿದೆ. ನನ್ನ ಪಾರ್ಟಿಷನ್ ಮೌಂಟ್ ಮಾಡಿ, ಕರ್ನಲ್ ಒದಗಿಸುವ ಡೆವ್, ಪ್ರಾಕ್, ಸಿಸ್ ಫೋಲ್ಡರ್ ಮೂರನ್ನೂ ಅದರೊಳಕ್ಕೆ ಜೋಡಿಸಿ, ಸಿಎಚ್‌ರೂಟ್ ಮಾಡಿ (ಅದನ್ನೇ ರೂಟ್ ಮಾಡಿಕೊಂಡು) ಒಳಗೆ ಹೋದೆ. ಕರ್ನಲ್‌ಗೆ ಏನೇನು ಸೇರಬೇಕೆಂದು ಆರಿಸುವ ಮೆನುಕಾನ್ಫಿಗ್ ತೆರೆದೆ. ಎನ್‌ವಿಎಂಇ ಎದುರಿಗೆ ಕೋನಾವರಣದೊಳಗೆ ‘ಎಂ’ ಅಂತ ಇತ್ತು. ನಕ್ಷತ್ರ ಇರಬೇಕಾಗಿತ್ತು.

ನಕ್ಷತ್ರ ಇದ್ದರೆ ಡ್ರೈವರ್ ಕರ್ನಲ್ ಫೈಲಿನ ಒಳಗೇ ಸೇರಿರುತ್ತದೆ. ‘ಎಂ’ ಇದ್ದರೆ ಅದು ಮಾಡ್ಯೂಲ್, ಬೇರೆ ಫೈಲಾಗಿ ಡಿಸ್ಕಿನ ಮೇಲೆ ಕೂತಿರುತ್ತದೆ. ಯಾವ ಡಿಸ್ಕಿನ ಮೇಲೆ? ಆ ಡ್ರೈವರ್ ಇಲ್ಲದೆ ತೆರೆಯಲಾಗದ ಅದೇ ಡಿಸ್ಕಿನ ಮೇಲೆ. ಹುಚ್ಚು ಬಿಡದ ಹೊರತು ಮದುವೆ ಆಗೋಲ್ಲ, ಮದುವೆ ಆಗದ ಹೊರತು ಹುಚ್ಚು ಬಿಡೋಲ್ಲ ಅನ್ನುತ್ತಾರಲ್ಲ, ಸರಿಯಾಗಿ ಹಾಗೆ. ಡಿಸ್ಕ್ ಓದಲು ಡ್ರೈವರ್ ಬೇಕು, ಡ್ರೈವರ್ ತರಲು ಡಿಸ್ಕ್ ಓದಬೇಕು.

ಈ ‘ಎಂ’ ನಾನು ಹಾಕಿದ್ದಲ್ಲ. ಮೊದಲು ಬಳಸುತ್ತಿದ್ದ ಸಿದ್ಧ ಲಿನಕ್ಸ್‌ನ ಕಾನ್ಫಿಗರೇಷನ್ ಫೈಲನ್ನೇ ನಕಲು ಮಾಡಿಕೊಂಡಿದ್ದೆ. ಅಲ್ಲಿ ಅದು ಚೆನ್ನಾಗೇ ನಡೆಯುತ್ತಿತ್ತು. ಯಾಕೆಂದರೆ ಸಿದ್ಧ ಲಿನಕ್ಸ್‌ಗಳು ಸಾಮಾನ್ಯವಾಗಿ ಇನಿಟ್‌ರ‍್ಯಾಮ್‌ಎಫ್‌ಎಸ್ ಬಳಸುತ್ತವೆ. ಅದು ಒಂದು ಪುಟ್ಟ ತಾತ್ಕಾಲಿಕ ರೂಟ್. ಗ್ರಬ್ ಅದನ್ನು ಕರ್ನಲ್ ಜೊತೆಗೇ ಮೆಮೊರಿಗೆ ತಂದುಕೊಡುತ್ತದೆ. ಬೇಕಾದ ಡ್ರೈವರ್‌ಗಳು ಅದರಲ್ಲೇ ಇರುವುದರಿಂದ ಮೇಲಿನ ಗಂಟು ಬೀಳುವುದೇ ಇಲ್ಲ. ಲಿನಕ್ಸ್ ಫ್ರಮ್ ಸ್ಕ್ರ್ಯಾಚ್‌ನ ಮೂಲ ದಾರಿಯಲ್ಲಿ ಆ ಪುಟ್ಟ ರೂಟ್ ಇಲ್ಲ. ಕಾನ್ಫಿಗ್ ನಕಲು ಮಾಡುವವರು ಕಡೇಪಕ್ಷ ಡಿಸ್ಕ್ ಡ್ರೈವರ್, ಫೈಲ್ ಸಿಸ್ಟಮ್ ಎರಡರ ಎದುರೂ ನಕ್ಷತ್ರ ಇದೆಯಾ ಎಂದು ನೋಡಿಕೊಳ್ಳಬೇಕು. ಯಾವ ಡ್ರೈವರ್ ಬೇಕು ಅಂತ ಗೊತ್ತಿಲ್ಲದಿದ್ದರೆ ಲೈವ್ ಲಿನಕ್ಸ್‌ನಲ್ಲಿ ಎಲ್‌ಎಸ್‌ಪಿಸಿಐ ಕಮಾಂಡಿಗೆ ‘ಕೆ’ ಆಯ್ಕೆ ಕೊಟ್ಟು ನೋಡಿ. ಯಾವ ಸಾಧನವನ್ನು ಯಾವ ಡ್ರೈವರ್ ನಡೆಸುತ್ತಿದೆ ಎಂದು ಹೆಸರು ಹೇಳುತ್ತದೆ.

ಇಷ್ಟೆಲ್ಲ ಓದಲು ಸಾಲುಗಳು ಕಣ್ಣಿಗೆ ಬೀಳಬೇಕಲ್ಲ. ಪ್ಯಾನಿಕ್ ಆದಮೇಲೆ ಪರದೆಯನ್ನು ಹಿಂದಕ್ಕೆ ಉರುಳಿಸಲು ಆಗುವುದಿಲ್ಲ. ನಾನು ಫೋನಿನಲ್ಲಿ ನಿಧಾನ ಚಲನೆಯ ವಿಡಿಯೊ ಹಿಡಿದೆ, ಒಂದೊಂದೇ ಚೌಕಟ್ಟು ನಿಲ್ಲಿಸಿ ಓದಿದೆ. ಬೂಟ್ ಸಾಲಿನಲ್ಲಿ ‘ಕ್ವೈಟ್’ ಎಂಬ ಪದ ಇದ್ದರೆ ತೆಗೆದುಬಿಡಿ, ಅದು ಕರ್ನಲ್‌ನ ಬಾಯಿ ಕಟ್ಟುತ್ತದೆ. ಕ್ಯೂಇಎಂಯುನಂಥ ವರ್ಚುವಲ್ ಮಷೀನಿನಲ್ಲಿ ಕಟ್ಟುವವರು ಸೀರಿಯಲ್ ಕನ್ಸೋಲ್ ಹಾಕಿಕೊಂಡರೆ ಎಲ್ಲ ಸಾಲೂ ಟರ್ಮಿನಲ್‌ನಲ್ಲೇ ಸಿಗುತ್ತವೆ. ಪರದೆ ಪೂರ್ತಿ ಕಪ್ಪಾಗಿದ್ದು ಕ್ಯಾಪ್ಸ್ ಲಾಕ್ ದೀಪ ಮಾತ್ರ ಮಿಣುಕುತ್ತಿದೆಯೇ? ಅದೂ ಬಹುಮಟ್ಟಿಗೆ ಪ್ಯಾನಿಕ್ಕೇ. ಸಾಲು ತೋರಿಸುವ ಪರದೆಯ ಡ್ರೈವರ್ ಇಲ್ಲ ಅಷ್ಟೆ. ಈಚೆಗೆ ಇಲ್ಲೂ ಸುಧಾರಣೆ ಬಂದಿದೆ. 2024ರಲ್ಲಿ ಬಂದ 6.12 ಕರ್ನಲ್‌ನಿಂದ, ಆ ಸೌಲಭ್ಯ ಸೇರಿಸಿ ಕಟ್ಟಿದರೆ, ಪ್ಯಾನಿಕ್ ಪರದೆಯಲ್ಲಿ ಕ್ಯೂಆರ್ ಕೋಡ್ ಬರುತ್ತದೆ.

ರೂಟ್ ಮೌಂಟ್ ಆದಮೇಲೂ ಪ್ಯಾನಿಕ್ ಬರಬಹುದು. ‘ನೋ ವರ್ಕಿಂಗ್ ಇನಿಟ್ ಫೌಂಡ್’ ಎಂದರೆ ಮನೆ ಸಿಕ್ಕಿತು, ಒಳಗೆ ಇನಿಟ್ ಸಿಗಲಿಲ್ಲ. ಎಸ್‌ಬಿನ್, ಇಟಿಸಿ, ಬಿನ್ ಮೂರು ಫೋಲ್ಡರ್‌ಗಳಲ್ಲೂ ಇನಿಟ್ ಹುಡುಕಿ, ಕೊನೆಗೆ ಬಿನ್‌ನ ಎಸ್‌ಎಚ್ ಶೆಲ್ಲನ್ನೂ (ಕಮಾಂಡ್ ಪಡೆದು ನಡೆಸುವ ಪ್ರೋಗ್ರಾಮನ್ನೂ) ಯತ್ನಿಸಿ ಕರ್ನಲ್ ಕೈಬಿಟ್ಟಿರುತ್ತದೆ. ‘ಅಟೆಂಪ್ಟೆಡ್ ಟು ಕಿಲ್ ಇನಿಟ್’ ಎಂದರೆ ಇನಿಟ್ ಶುರುವಾಗಿ ಸತ್ತುಹೋಯಿತು. ಅದರ ಮುಂದಿನ ಎಕ್ಸಿಟ್‌ಕೋಡ್ 7ಎಫ್00 ಎಂದು ಮುಗಿದಿದ್ದರೆ ಅದರ 7ಎಫ್ ಹದಿನಾರರ ಲೆಕ್ಕದಲ್ಲಿ 127. ಸಾಮಾನ್ಯವಾಗಿ ಇನಿಟ್‌ಗೆ ಬೇಕಾದ, ಪ್ರೋಗ್ರಾಮುಗಳು ಹಂಚಿಕೊಳ್ಳುವ ಕೋಡಿನ ಲೈಬ್ರರಿಯೊಂದು ಜಾಗದಲ್ಲಿಲ್ಲ ಎಂದರ್ಥ. ಇಂಥ ಹೊತ್ತಿನಲ್ಲಿ ಗ್ರಬ್‌ನಲ್ಲಿ ‘ಇ’ ಒತ್ತಿ, ಇನಿಟ್ ಬದಲು ಬ್ಯಾಶ್ ಶೆಲ್ಲನ್ನೇ ಓಡಿಸು ಎಂದು ಬರೆದು ನೋಡಬಹುದು. ಶೆಲ್ ತೆರೆದುಕೊಂಡರೆ ಲೈಬ್ರರಿಗಳು ಬಹುಪಾಲು ಸರಿ ಇವೆ, ಇನಿಟ್‌ನಲ್ಲೇ ಏನೋ ಆಗಿದೆ.

ನಾನು ‘ಎಂ’ ತೆಗೆದು ನಕ್ಷತ್ರ ಹಾಕಿದೆ. ಮತ್ತೆ ಕಂಪೈಲ್ ಮಾಡಿದೆ. ಹೊಸ ಕರ್ನಲ್ ಫೈಲನ್ನು ಬೂಟ್ ಫೋಲ್ಡರಿಗೆ ನಕಲಿಸಿದೆ. ಕಂಪೈಲ್ ಮಾಡಿ ನಕಲಿಸದೆ ಬಿಟ್ಟರೆ ಹಳೆಯದೇ ಓಡುತ್ತದೆ, ಹಳೆಯ ಪ್ಯಾನಿಕ್ಕೇ ಬರುತ್ತದೆ. ಅದನ್ನು ಪತ್ತೆ ಹಚ್ಚಲು ಬೂಟ್‌ನ ಮೊದಲ ಸಾಲು ನೋಡಬೇಕು. ಕರ್ನಲ್ ಆವೃತ್ತಿಯ ಜೊತೆ ಹ್ಯಾಷ್ ಗುರುತಿನ ಮುಂದೆ ಎಷ್ಟನೇ ಸಲ ಕಟ್ಟಿದ್ದು ಎಂಬ ಅಂಕಿ ಇರುತ್ತದೆ. ಈ ಸಲ ಅಲ್ಲಿ 2 ಅಂತ ಇತ್ತು.

ಸಾಲುಗಳು ಮತ್ತೆ ಓಡಿದವು. ಹಿಂದಿನ ಸಲ ನಿಂತಿದ್ದ ಜಾಗದಲ್ಲಿ ಈ ಸಲ ಬೇರೆ ಸಾಲು ಬಂತು: “ವಿಎಫ್‌ಎಸ್: ಮೌಂಟೆಡ್ ರೂಟ್ (ಇಎಕ್ಸ್‌ಟಿ4 ಫೈಲ್‌ಸಿಸ್ಟಮ್) ರೀಡ್‌ಓನ್ಲಿ ಆನ್ ಡಿವೈಸ್ 259:2”. ಸೊನ್ನೆಗಳಿದ್ದ ಕಡೆ ನನ್ನ ಡಿಸ್ಕಿನ ನಂಬರ್ ಕೂತಿತ್ತು. ಅದರ ಕೆಳಗೆ ಇನಿಟ್‌ನ ಮೊದಲ ಸಾಲು ಬರತೊಡಗಿತು.